ಬಲವಿಜ್ಞಾನಕ್ಕೂ ಒಂದು ಘರಾಣೆ

ಹುಬ್ಬಳ್ಳಿ-ಧಾರವಾಡದ ಮಂದಿಗೆ ಘರಾಣೆ ಎಂಬ ಶಬ್ದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಬ್ದುಲ್ ಕರೀಂ ಖಾನರಿಂದ ಕುಂದಗೋಳದ ಸವಾಯಿ ಗಂಧರ್ವರಿಗೆ, ಸವಾಯಿ ಗಂಧರ್ವರಿಂದ ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿಯವರಿಗೆ ಕಿರಾಣಾ ಘರಾಣೆಯ ಗಾಯನ ಹರಿದು ಬಂದ ಬಗೆ ಇಲ್ಲಿನ ಶಾಲಾ ಮಕ್ಕಳಿಗೂ ಗೊತ್ತು. ಗುರು ಹಾಡಿದ್ದನ್ನು ಶಿಷ್ಯ ಕೇಳುತ್ತಾನೆ, ತಿದ್ದಿಸಿಕೊಳ್ಳುತ್ತಾನೆ, ತನ್ನದಿಷ್ಟನ್ನು ಸೇರಿಸಿ ಮುಂದಿನವರಿಗೆ ಒಪ್ಪಿಸುತ್ತಾನೆ. ವಿಜ್ಞಾನದಲ್ಲಿಯೂ ಇಂಥ ಘರಾಣೆಗಳುಂಟು. ಅವುಗಳಲ್ಲಿ ಒಂದು ರಷ್ಯಾದಲ್ಲಿ ಹುಟ್ಟಿ, ಅಮೆರಿಕದಲ್ಲಿ ಬೆಳೆದು, ಬೆಂಗಳೂರಿನ ಮೂಲಕ ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ತರಗತಿಗೆ ಬಂದು ಮುಟ್ಟಿದೆ. ಅದರ ಹೆಸರು ಘನವಸ್ತುಗಳ ಬಲವಿಜ್ಞಾನ. ಕಾಲೇಜಿನ ಹುಡುಗರ ಬಾಯಲ್ಲಿ ಅದು ‘ಸಾಲಿಡ್ ಮೆಕ್ಯಾನಿಕ್ಸ್’.

ಈ ವಿದ್ಯೆ ಯಾಕೆ ಬೇಕು ಎಂಬುದನ್ನು ಧಾರವಾಡ ಬಹಳ ದುಬಾರಿ ಬೆಲೆ ತೆತ್ತು ಕಲಿತಿದೆ. 2019ರ ಮಾರ್ಚ್ 19ರಂದು ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದಲ್ಲಿದ್ದ ಬಹುಮಹಡಿ ವಾಣಿಜ್ಯ ಕಟ್ಟಡ ಹಾಡಹಗಲೇ ಕುಸಿದುಬಿತ್ತು. 19 ಜನ ಪ್ರಾಣ ಕಳೆದುಕೊಂಡರು. ಹೊಣೆ ಯಾರದು ಎಂಬ ವಿಚಾರ ತನಿಖೆಗೆ, ನ್ಯಾಯಾಲಯಕ್ಕೆ ಸೇರಿದ್ದು. ವಿಜ್ಞಾನದ ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆ ಬೇರೆ. ಹಿಂದಿನ ದಿನ ಆ ಕಟ್ಟಡದ ಮುಂದೆ ಹಾದುಹೋದ ನೂರಾರು ಮಂದಿಗೆ ಅಪಾಯ ಏಕೆ ಕಾಣಲಿಲ್ಲ? ಕಂಬದ ಒಳಗೆ ನಡೆಯುವುದು ಹೊರಗಿನ ಕಣ್ಣಿಗೆ ಕಾಣುವುದಿಲ್ಲ ಎಂಬುದೇ ಉತ್ತರ. ಕಾಣದ್ದನ್ನು ಲೆಕ್ಕದಿಂದ, ಪ್ರಯೋಗದಿಂದ ಕಾಣುವಂತೆ ಮಾಡಲು ಜೀವಮಾನವನ್ನೇ ಸವೆಸಿದ ಪ್ರಾಧ್ಯಾಪಕರ ಪರಂಪರೆಯನ್ನು ಈ ವಾರ ಪರಿಚಯ ಮಾಡಿಕೊಳ್ಳೋಣ.

ಸಿಂಬಿಯಿಂದ ಛಜ್ಜಾದವರೆಗೆ

ತಲೆಯ ಮೇಲೆ ತುಂಬಿದ ಕೊಡ ಹೊರುವ ಹೆಣ್ಣುಮಕ್ಕಳು ಮೊದಲು ಬಟ್ಟೆಯ ಸಿಂಬಿಯನ್ನು ಇಟ್ಟುಕೊಳ್ಳುತ್ತಾರೆ. ಸಿಂಬಿಯಿಂದ ಕೊಡದ ಭಾರ ಕಡಿಮೆಯಾಗುವುದಿಲ್ಲ. ಅದೇ ಭಾರ ಹೆಚ್ಚು ಜಾಗದ ಮೇಲೆ ಹರಡುತ್ತದೆ, ಹೀಗಾಗಿ ನೆತ್ತಿ ನೋಯುವುದಿಲ್ಲ. ಒಂದು ಚದರ ಮಿಲಿಮೀಟರ್ ಜಾಗದ ಪಾಲಿಗೆ ಬರುವ ಬಲಕ್ಕೆ ‘ಪೀಡನ’ ಎಂದು ಹೆಸರು. ಎಂಜಿನಿಯರುಗಳು ಅದನ್ನೇ ಸ್ಟ್ರೆಸ್ ಎನ್ನುತ್ತಾರೆ. ಪೀಡನಕ್ಕೆ ಒಳಗಾದ ವಸ್ತು ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. ಮೂಲ ಉದ್ದದಲ್ಲಿ ಎಷ್ಟು ಪಾಲು ಬದಲಾಯಿತು ಎಂಬುದೇ ‘ವಿಕೃತಿ’, ಅಂದರೆ ಸ್ಟ್ರೇನ್. ಹಿಗ್ಗುವಿಕೆ ಎಳೆತಕ್ಕೆ ತಕ್ಕಂತೆ ಇರುತ್ತದೆ ಎಂಬ ನಿಯಮವನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ 1678ರಲ್ಲಿ ವಿವರಿಸಿದ. ಪಿ.ಯು. ಭೌತಶಾಸ್ತ್ರದ ಪುಸ್ತಕದಲ್ಲಿ ಇಂದಿಗೂ ಓದುವುದು ಆ ನಿಯಮವನ್ನೇ.

ಅದಕ್ಕೂ 40 ವರ್ಷ ಮೊದಲು, 1638ರಲ್ಲಿ, ಇಟಲಿಯ ಗೆಲಿಲಿಯೊ ಗೋಡೆಗೆ ಸಿಕ್ಕಿಸಿದ ತೊಲೆಯೊಂದರ ತುದಿಗೆ ಭಾರ ತೂಗಿಬಿಟ್ಟರೆ ಅದು ಎಲ್ಲಿ, ಎಷ್ಟಕ್ಕೆ ಮುರಿಯುತ್ತದೆ ಎಂದು ಲೆಕ್ಕ ಹಾಕಿದ್ದ. ಬುಡದಲ್ಲಿಯೇ ಮುರಿಯುತ್ತದೆ ಎಂಬ ಅವನ ಮಾತು ಸರಿ. ಆದರೆ ತೊಲೆಯ ಅಡ್ಡಕೊಯ್ತದ ತುಂಬ ಒಂದೇ ಸಮನಾದ ಎಳೆತವಿರುತ್ತದೆ ಎಂದು ಭಾವಿಸಿದ್ದರಿಂದ ಅವನ ಲೆಕ್ಕದ ತೊಲೆ ನಿಜವಾದ ತೊಲೆಗಿಂತ 3 ಪಟ್ಟು ಗಟ್ಟಿಯಾಯಿತು. ವಾಸ್ತವದಲ್ಲಿ ತೊಲೆಯ ಮೇಲ್ಭಾಗ ಎಳೆಯಲ್ಪಡುತ್ತದೆ, ಕೆಳಭಾಗ ಒತ್ತಲ್ಪಡುತ್ತದೆ, ನಡುವೆ ಎರಡೂ ಇಲ್ಲದ ಒಂದು ಪದರವಿರುತ್ತದೆ. ಇಷ್ಟನ್ನು ಸರಿಯಾಗಿ ತಿಳಿಯಲು ಯುರೋಪಿಗೆ ಮುಂದೆ ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು.

ನಮ್ಮ ಮನೆಗಳ ಕಿಟಕಿಯ ಮೇಲಿನ ಛಜ್ಜಾ ಗೆಲಿಲಿಯೊನ ಆ ತೊಲೆಯೇ ಆಗಿದೆ. ಅದರಲ್ಲಿ ಎಳೆತ ಮೇಲಿನ ಮುಖದಲ್ಲಿ. ಕಾಂಕ್ರೀಟು ಒತ್ತಡಕ್ಕೆ ಗಟ್ಟಿ, ಎಳೆತಕ್ಕೆ ಬಹಳ ದುರ್ಬಲ. ಆದ್ದರಿಂದ ಕಬ್ಬಿಣದ ಸರಳುಗಳನ್ನು ಛಜ್ಜಾದ ಮೇಲ್ಭಾಗದಲ್ಲಿ ಇಡಬೇಕು. ಎರಡು ಗೋಡೆಗಳ ಮೇಲೆ ಕುಳಿತ ಸಾಮಾನ್ಯ ತೊಲೆಯಲ್ಲಿ ಎಳೆತ ಕೆಳಗಿರುವುದರಿಂದ ಮುಖ್ಯ ಸರಳುಗಳು ಕೆಳಗೆ. ಕಾಂಕ್ರೀಟು ಸುರಿಯುವಾಗ ಕೆಲಸಗಾರರ ಕಾಲು ತಗುಲಿ ಛಜ್ಜಾದ ಸರಳುಗಳು ಕೆಳಕ್ಕೆ ಕುಸಿದರೆ, ಹಾಕಿದ ಕಬ್ಬಿಣ ಅಷ್ಟೇ ಇದ್ದರೂ ಅದು ಇದ್ದೂ ಇಲ್ಲದಂತೆ. ಸೆಂಟ್ರಿಂಗ್ ತೆಗೆದ ದಿನವೇ ಛಜ್ಜಾ ಮುರಿದು ಬೀಳುವ ಪ್ರಸಂಗಗಳ ಹಿಂದೆ ಬಹುಮಟ್ಟಿಗೆ ಇರುವುದು ಇದೇ ತಪ್ಪು.

ಕಲ್ಲಿನ ಸ್ವಭಾವವೂ ಕಾಂಕ್ರೀಟಿನಂತೆಯೇ. ಹುಬ್ಬಳ್ಳಿಯ ಉಣಕಲ್ಲಿನಲ್ಲಿರುವ ಚಾಲುಕ್ಯರ ಕಾಲದ ಚಂದ್ರಮೌಳೇಶ್ವರ ದೇವಾಲಯಕ್ಕೆ ಹೋದಾಗ ಕಂಬಗಳು ಎಷ್ಟು ಹತ್ತಿರ ಹತ್ತಿರ ನಿಂತಿವೆ ಎಂಬುದನ್ನು ಗಮನಿಸಬೇಕು. ಕಲ್ಲಿನ ತೊಲೆ ಉದ್ದವಾದಷ್ಟೂ ಅದರ ಕೆಳಮುಖ ಎಳೆತಕ್ಕೆ ಬಿರಿಯುತ್ತದೆ ಎಂಬುದನ್ನು ಆ ಶಿಲ್ಪಿಗಳು ಅನುಭವದಿಂದ ಅರಿತಿದ್ದರು. ಅನುಭವವನ್ನು ಗಣಿತವನ್ನಾಗಿ ಮಾಡಿದವರು ಅನಂತರದ ಪ್ರಾಧ್ಯಾಪಕರು. ಫ್ರಾನ್ಸಿನ ಕೋಶಿ 1822ರಲ್ಲಿ ಪೀಡನದ ಪೂರ್ಣ ಕಲ್ಪನೆಯನ್ನು ಮುಂದಿಟ್ಟ. ಘನವಸ್ತುವಿನ ಒಂದೊಂದು ಬಿಂದುವಿನಲ್ಲಿಯೂ ಪೀಡನವನ್ನು ಪೂರ್ತಿಯಾಗಿ ಹೇಳಲು 6 ಸಂಖ್ಯೆಗಳು ಬೇಕು: ನೇರವಾಗಿ ಎಳೆಯುವ ಅಥವಾ ಒತ್ತುವವು 3, ಕತ್ತರಿಯಂತೆ ಜಾರಿಸುವವು 3. ಈ 6ನ್ನು ಕಂಡುಹಿಡಿಯುವುದೇ ಈ ಶಾಸ್ತ್ರದ ಮುಖ್ಯ ಉದ್ಯೋಗ.

ಕೆಲಸ ಕಳೆದುಕೊಂಡ ಅಧ್ಯಾಪಕ

ಈಗ ಘರಾಣೆಯ ಮೂಲಪುರುಷನ ಕಡೆಗೆ ಬರೋಣ. ಸ್ಟೀಫನ್ ತಿಮೊಶೆಂಕೊ ಹುಟ್ಟಿದ್ದು 1878ರಲ್ಲಿ, ಈಗಿನ ಉಕ್ರೇನಿನ ಶ್ಪೊತೊವ್ಕಾ ಎಂಬ ಹಳ್ಳಿಯಲ್ಲಿ. ಆಗ ಅದು ರಷ್ಯಾ ಸಾಮ್ರಾಜ್ಯಕ್ಕೆ ಸೇರಿತ್ತು. ರೈಲುದಾರಿ ಕಟ್ಟುವ ಎಂಜಿನಿಯರ್ ಆಗಬೇಕೆಂದು ಸೇಂಟ್ ಪೀಟರ್ಸ್‌ಬರ್ಗಿನ ಸಾರಿಗೆ ಎಂಜಿನಿಯರಿಂಗ್ ಸಂಸ್ಥೆಯನ್ನು ಸೇರಿ 1901ರಲ್ಲಿ ಪದವಿ ಪಡೆದರು. ಮುಂದೆ ಕೀವ್ ನಗರದ ಪಾಲಿಟೆಕ್ನಿಕ್‌ನಲ್ಲಿ ವಸ್ತುಗಳ ಬಲದ ಪ್ರಾಧ್ಯಾಪಕರಾದರು. 1911ರಲ್ಲಿ, ಸರ್ಕಾರದ ಶಿಕ್ಷಣ ಧೋರಣೆಯನ್ನು ವಿರೋಧಿಸಿದ ಕಾರಣಕ್ಕೆ ಅವರನ್ನು ಹುದ್ದೆಯಿಂದ ತೆಗೆಯಲಾಯಿತು. ಸಂಸಾರವಂದಿಗ, ವಯಸ್ಸು 32. ಸಂಶೋಧನೆಗೆ ಬಂದ ಒಂದು ಬಹುಮಾನದ ಹಣ ಆ ಕಷ್ಟಕಾಲದಲ್ಲಿ ಮನೆಯನ್ನು ನಡೆಸಿತು.

ಕ್ರಾಂತಿ ಮತ್ತು ಅಂತರ್ಯುದ್ಧಗಳ ಗದ್ದಲದಲ್ಲಿ ಅವರು 1920ರಲ್ಲಿ ದೇಶ ಬಿಟ್ಟು ಝಾಗ್ರೆಬ್ ಸೇರಿದರು. 1922ರಲ್ಲಿ ಅಮೆರಿಕಕ್ಕೆ ಹೋದರು. ಆಗ ವಯಸ್ಸು 40 ದಾಟಿತ್ತು. ಇಂಗ್ಲಿಷ್ ಮಾತು ಸಲೀಸಾಗಿರಲಿಲ್ಲ. ಮರುವರ್ಷ ವೆಸ್ಟಿಂಗ್‌ಹೌಸ್ ಎಂಬ ವಿದ್ಯುತ್ ಯಂತ್ರಗಳ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಅವರಿಗೆ ಆಶ್ಚರ್ಯ ಕಾದಿತ್ತು. ದೊಡ್ಡ ದೊಡ್ಡ ಯಂತ್ರಗಳನ್ನು ಕಟ್ಟುತ್ತಿದ್ದ ಅಮೆರಿಕದ ತರುಣ ಎಂಜಿನಿಯರುಗಳಿಗೆ ಗಣಿತದ ತಳಹದಿ ತೀರ ತೆಳುವಾಗಿತ್ತು. ತಿಮೊಶೆಂಕೊ ಅವರಿಗೆ ಪಾಠ ಹೇಳತೊಡಗಿದರು. ಆ ಪಾಠಗಳ ಅನುಭವವೇ ಮುಂದೆ ಪುಸ್ತಕಗಳಾಯಿತು. 1927ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯಕ್ಕೂ 1936ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೂ ಪ್ರಾಧ್ಯಾಪಕರಾಗಿ ಹೋದರು. ಕಂಪನ, ವಸ್ತುಗಳ ಬಲ, ಸ್ಥಿತಿಸ್ಥಾಪಕತೆ, ಕಂಬಗಳ ಬಾಗುವಿಕೆ ಹೀಗೆ ಒಂದೊಂದು ವಿಷಯಕ್ಕೂ ಒಂದೊಂದು ಗ್ರಂಥ ಬರೆದರು. ಅವು ಅನೇಕ ಭಾಷೆಗಳಿಗೆ ಹೋದವು. ಇಂದಿಗೂ ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಆ ಹೆಸರನ್ನು ಕೇಳದೆ ಪದವಿ ಮುಗಿಸುವುದು ಕಷ್ಟ. ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘವು 1957ರಲ್ಲಿ ಅವರ ಹೆಸರಿನಲ್ಲಿಯೇ ಪದಕವೊಂದನ್ನು ಸ್ಥಾಪಿಸಿ, ಮೊದಲನೆಯದನ್ನು ಅವರಿಗೇ ತೊಡಿಸಿತು. ಅವರು ತೀರಿಕೊಂಡದ್ದು 1972ರಲ್ಲಿ, ಜರ್ಮನಿಯಲ್ಲಿ.

ಇಂಗ್ಲಿಷ್ ಬಾರದೆಂದು ಕೊನೆಯ ಬೆಂಚಿನಲ್ಲಿ ಕುಳಿತುಕೊಳ್ಳುವ ಕನ್ನಡ ಮಾಧ್ಯಮದ ಹುಡುಗರು ಈ ಬಾಳಿನ ಒಂದು ಸಂಗತಿಯನ್ನು ನೆನಪಿಡಬೇಕು. ಎಂಜಿನಿಯರಿಂಗ್ ಲೋಕ ಇಂಗ್ಲಿಷಿನಲ್ಲಿ ಅತಿ ಹೆಚ್ಚು ಓದಿದ ಬಲವಿಜ್ಞಾನದ ಪುಸ್ತಕಗಳನ್ನು ಬರೆದಾತ, ಆ ಭಾಷೆಯನ್ನು ನಡುವಯಸ್ಸಿನಲ್ಲಿ ಕಷ್ಟಪಟ್ಟು ರೂಢಿಸಿಕೊಂಡವರು.

ಬಣ್ಣದಲ್ಲಿ ಕಂಡ ಬಲ

ತಿಮೊಶೆಂಕೊ ಮಿಷಿಗನ್‌ನಲ್ಲಿದ್ದ ಕಾಲದಲ್ಲಿಯೇ ಅಲ್ಲಿ ಡಾಕ್ಟರೇಟ್ ಪಡೆದವರಲ್ಲಿ ಮ್ಯಾಕ್ಸ್ ಫ್ರಾಕ್ಟ್ ಎಂಬವರೊಬ್ಬರು. ಅವರು ಹಿಡಿದ ದಾರಿ ಬೇರೆಯದು. ಎಲ್ಲ ಆಕಾರಗಳಿಗೂ ಸಮೀಕರಣ ಬಿಡಿಸಲು ಆಗುವುದಿಲ್ಲ. ತೂತುಗಳಿರುವ, ತಿರುವುಗಳಿರುವ ಯಂತ್ರಭಾಗಗಳ ಒಳಗಿನ ಪೀಡನವನ್ನು ಕಣ್ಣಾರೆ ನೋಡಲು ಸಾಧ್ಯವೆ? ಸಾಧ್ಯವಿದೆ, ಬೆಳಕಿನ ನೆರವಿನಿಂದ.

ಕೆಲಿಡೋಸ್ಕೋಪನ್ನು ಕಂಡುಹಿಡಿದ ಡೇವಿಡ್ ಬ್ರೂಸ್ಟರ್ 1815ರ ಸುಮಾರಿನಲ್ಲಿ ಒಂದು ವಿಚಿತ್ರವನ್ನು ಗುರುತಿಸಿದ್ದ. ಗಾಜನ್ನು ಒತ್ತಿ ಹಿಡಿದು ಧ್ರುವೀಕೃತ ಬೆಳಕಿನಲ್ಲಿ ನೋಡಿದರೆ ಅದರೊಳಗೆ ಬಣ್ಣದ ಪಟ್ಟೆಗಳು ಮೂಡುತ್ತವೆ. ಒತ್ತುವುದನ್ನು ಬಿಟ್ಟರೆ ಪಟ್ಟೆಗಳು ಮಾಯ. ಕಾರಣವಿಷ್ಟು: ಪೀಡನಕ್ಕೊಳಗಾದ ಪಾರದರ್ಶಕ ವಸ್ತುವಿನಲ್ಲಿ ಬೆಳಕು ಎರಡು ದಿಕ್ಕುಗಳ ಕಂಪನಗಳಾಗಿ ಒಡೆದು, ಒಂದು ತುಸು ವೇಗವಾಗಿ, ಇನ್ನೊಂದು ತುಸು ನಿಧಾನವಾಗಿ ಸಾಗುತ್ತದೆ. ಹೊರಬಂದ ಮೇಲೆ ಎರಡೂ ಸೇರಿ ಬಣ್ಣ ಮೂಡಿಸುತ್ತವೆ. ಪಟ್ಟೆಗಳು ಎಲ್ಲಿ ಒತ್ತಾಗಿವೆಯೋ ಅಲ್ಲಿ ಪೀಡನ ಬೇಗ ಬೇಗ ಬದಲಾಗುತ್ತಿದೆ ಎಂದರ್ಥ. ಇದಕ್ಕೆ ಫೋಟೊಇಲಾಸ್ಟಿಸಿಟಿ ಎನ್ನುತ್ತಾರೆ.

ಇದನ್ನು ಮನೆಯಲ್ಲಿಯೇ ಮಾಡಿ ನೋಡಬಹುದು. ಲ್ಯಾಪ್‌ಟಾಪಿನ ಎಲ್‌ಸಿಡಿ ಪರದೆಯಿಂದ ಬರುವುದು ಧ್ರುವೀಕೃತ ಬೆಳಕು. ಪರದೆಯನ್ನು ಪೂರ್ತಿ ಬಿಳಿಯಾಗಿಟ್ಟು, ಪೋಲರಾಯ್ಡ್ ತಂಪುಕನ್ನಡಕದ ಗಾಜನ್ನು ಕಣ್ಣಿನ ಮುಂದೆ ಹಿಡಿದು ತಿರುಗಿಸಿರಿ. ಒಂದು ಕೋನದಲ್ಲಿ ಪರದೆ ಕಪ್ಪಾಗುತ್ತದೆ. ಆ ಕೋನವನ್ನು ಬದಲಿಸದೆ, ಪರದೆಗೂ ಗಾಜಿಗೂ ನಡುವೆ ಪಾರದರ್ಶಕ ಪ್ಲಾಸ್ಟಿಕ್ ಅಡಿಪಟ್ಟಿಯನ್ನು ಹಿಡಿಯಿರಿ. ಅಚ್ಚಿನಲ್ಲಿ ತಣಿಯುವಾಗ ಅದರೊಳಗೆ ಉಳಿದುಹೋದ ಪೀಡನಗಳು ಬಣ್ಣಬಣ್ಣವಾಗಿ ಕಾಣುತ್ತವೆ. ಪಟ್ಟಿಯನ್ನು ಮೆಲ್ಲಗೆ ಬಗ್ಗಿಸಿದರೆ ಬಣ್ಣಗಳು ಸರಿದಾಡುತ್ತವೆ. ಪಟ್ಟಿಯ ತುದಿಯಲ್ಲಿ ತೂತಿದ್ದರೆ ಅದರ ಸುತ್ತ ಪಟ್ಟೆಗಳು ಗುಂಪುಗೂಡುವುದನ್ನು ನೋಡಬೇಕು. ಅಗಲವಾದ ಹಲಗೆಯನ್ನು ಎಳೆದಾಗ ಅದರಲ್ಲಿನ ಸಣ್ಣ ದುಂಡು ತೂತಿನ ಅಂಚಿನಲ್ಲಿ ಪೀಡನವು ಬೇರೆಡೆಗಿಂತ 3 ಪಟ್ಟು ಆಗುತ್ತದೆ. ಚೂಪು ಮೂಲೆಯಿದ್ದರೆ ಇನ್ನೂ ಹೆಚ್ಚು. 1954ರಲ್ಲಿ ಕಾಮೆಟ್ ಎಂಬ ಜೆಟ್ ಪ್ರಯಾಣಿಕ ವಿಮಾನಗಳೆರಡು ಆಕಾಶದಲ್ಲಿಯೇ ಒಡೆದು ಬಿದ್ದ ಮೇಲೆ ನಡೆದ ತನಿಖೆಯಲ್ಲಿ, ಒಡಲಿನಲ್ಲಿ ಕೊರೆದ ಕಿಂಡಿಗಳ ಮೂಲೆಯಿಂದ ಬಿರುಕು ಹೊರಟದ್ದು ತಿಳಿದುಬಂತು. ವಿಮಾನದ ಕಿಟಕಿಗಳ ಮೂಲೆಗಳು ಇಂದು ದುಂಡಗಿರುವುದಕ್ಕೆ ಈ ತಿಳಿವಳಿಕೆಯೇ ಆಧಾರ.

ಫ್ರಾಕ್ಟ್ 1941 ಮತ್ತು 1948ರಲ್ಲಿ ಎರಡು ಸಂಪುಟಗಳಲ್ಲಿ ಈ ವಿದ್ಯೆಯ ಗ್ರಂಥವನ್ನು ಹೊರತಂದು, ಶಿಕಾಗೊದ ಇಲಿನಾಯ್ ತಾಂತ್ರಿಕ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದರು. ಅವರ ಜೊತೆಯಲ್ಲಿ ದುಡಿದ ಭಾರತೀಯ ತರುಣರೇ ಎಲ್. ಎಸ್. ಶ್ರೀನಾಥ್.

ಶ್ರೀನಾಥರ ಕೆಲಸ

ಶ್ರೀನಾಥ್ ಕೈಹಾಕಿದ ಸಮಸ್ಯೆ ಹೀಗಿತ್ತು. ಬಣ್ಣದ ಪಟ್ಟೆಗಳ ವಿಧಾನ ಚಪ್ಪಟೆ ಮಾದರಿಗೆ ಸರಿ. ದಪ್ಪನೆಯ, ಮೂರು ಆಯಾಮದ ವಸ್ತುವಿನಲ್ಲಿ ಬೆಳಕು ಇಡೀ ದಪ್ಪವನ್ನು ದಾಟಿ ಬರುವುದರಿಂದ ಯಾವ ಪದರದ ಪೀಡನ ಎಷ್ಟೆಂದು ಬೇರ್ಪಡಿಸಲಾಗದು. ಆಗ ಬಳಕೆಯಲ್ಲಿದ್ದ ಉಪಾಯವೆಂದರೆ ಪ್ಲಾಸ್ಟಿಕ್ ಮಾದರಿಯನ್ನು ಕಾಯಿಸಿ, ಭಾರ ಹೇರಿ, ಹಾಗೆಯೇ ಆರಿಸಿ ಪೀಡನವನ್ನು ಒಳಗೇ ಹೆಪ್ಪುಗಟ್ಟಿಸುವುದು. ಆಮೇಲೆ ಬ್ರೆಡ್ಡಿನಂತೆ ಹೋಳು ಹೋಳಾಗಿ ಕೊಯ್ದು ನೋಡುವುದು. ಮಾದರಿ ಒಂದೇ ಪ್ರಯೋಗಕ್ಕೆ ಮುಗಿದುಹೋಗುತ್ತಿತ್ತು.

ಹಂಚಿನ ಮನೆಯ ಬೆಳಕಿಂಡಿಯಿಂದ ಇಳಿದ ಬಿಸಿಲುಕೋಲನ್ನು ಎಲ್ಲರೂ ಕಂಡಿದ್ದೇವೆ. ಗಾಳಿಯಲ್ಲಿನ ಧೂಳಿನ ಕಣಗಳು ಬೆಳಕನ್ನು ಪಕ್ಕಕ್ಕೆ ಚದುರಿಸುವುದರಿಂದಲೇ ಅದು ನಮಗೆ ಕಾಣುತ್ತದೆ. ಪಾರದರ್ಶಕ ಪ್ಲಾಸ್ಟಿಕ್ಕಿನ ಒಳಗೂ ಹೀಗೆ ಅತಿ ಸೂಕ್ಷ್ಮ ಕಣಗಳಿಂದ ಬೆಳಕು ಚದುರುತ್ತದೆ, ಮತ್ತು ಚದುರಿದ ಬೆಳಕು ತಾನಾಗಿಯೇ ಧ್ರುವೀಕೃತವಾಗಿರುತ್ತದೆ. ಅಂದರೆ ವಸ್ತುವಿನ ಒಳಗೆ ಬೇಕಾದ ಜಾಗದಲ್ಲಿ ಒಂದು ಪೋಲರಾಯ್ಡ್ ತುಂಡನ್ನು ಇಟ್ಟ ಹಾಗೆ. ತೆಳ್ಳನೆಯ ಬೆಳಕಿನ ಹಾಳೆಯನ್ನು ಮಾದರಿಯೊಳಗೆ ಹಾಯಿಸಿ ಪಕ್ಕದಿಂದ ನೋಡಿದರೆ ಆಯಾ ಪದರದ ಸುದ್ದಿ ತಿಳಿಯುತ್ತದೆ. ಕೊಯ್ಯುವ ಅಗತ್ಯವೇ ಇಲ್ಲ. ಮಾದರಿಯನ್ನು ಹಾಳುಮಾಡದೆ ಮೂರು ಆಯಾಮದ ಪೀಡನ ಅಳೆಯುವ ಈ ವಿಧಾನದ ಬಗ್ಗೆ ಫ್ರಾಕ್ಟ್ ಮತ್ತು ಶ್ರೀನಾಥರ ಜಂಟಿ ಪ್ರಬಂಧ ಅಮೆರಿಕದ ಅನ್ವಯಿಕ ಬಲವಿಜ್ಞಾನದ ಮೂರನೆಯ ರಾಷ್ಟ್ರೀಯ ಸಮ್ಮೇಳನದಲ್ಲಿ, 1958ರಲ್ಲಿ ಬಂದಿತು.

ಅನಂತರ ಶ್ರೀನಾಥ್ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕರಾಗಿ ಈ ಶಾಖೆಯನ್ನು ಬೆಳೆಸಿದರು. ಚದುರಿದ ಬೆಳಕಿನ ವಿಧಾನವನ್ನೇ ಕುರಿತು 1983ರಲ್ಲಿ ಒಂದು ಗ್ರಂಥ ಬರೆದರು. 1984ರಲ್ಲಿ ಪೀಡನದ ಪ್ರಾಯೋಗಿಕ ಅಳತೆಯ ಪುಸ್ತಕವನ್ನು ಇತರರೊಂದಿಗೆ ಸೇರಿ ತಂದರು. ಅದರ ಸಹಲೇಖಕರಲ್ಲಿ ಕೆ. ಲಿಂಗಯ್ಯನವರೂ ಒಬ್ಬರು. ಕರ್ನಾಟಕದ ಮೆಕ್ಯಾನಿಕಲ್ ವಿದ್ಯಾರ್ಥಿಗಳು ಯಂತ್ರವಿನ್ಯಾಸದ ಪರೀಕ್ಷೆಗೆ ಹಿಡಿದುಕೊಂಡು ಹೋಗುವ ದಪ್ಪನೆಯ ದತ್ತಾಂಶ ಕೈಪಿಡಿಯ ಲಿಂಗಯ್ಯ ಇವರೇ. 1980ರ ದಶಕದ ಉತ್ತರಾರ್ಧದಲ್ಲಿ ಶ್ರೀನಾಥ್ ಮದ್ರಾಸಿನ ಐಐಟಿಯ ನಿರ್ದೇಶಕರಾಗಿದ್ದರು. ಆ ದೊಡ್ಡ ಹುದ್ದೆಯಲ್ಲಿದ್ದಾಗಲೂ ಬೆಳಕು-ಪೀಡನದ ಸಂಶೋಧನೆಯನ್ನು ಶಿಷ್ಯರೊಡನೆ ಮುಂದುವರಿಸಿ ಪ್ರಬಂಧ ಪ್ರಕಟಿಸಿದರು.

ಇಷ್ಟಾದರೂ ಅವರ ಹೆಸರು ಮನೆಮಾತಾದದ್ದು 1980ರಲ್ಲಿ ಮೊದಲು ಪ್ರಕಟವಾದ ಘನವಸ್ತುಗಳ ಉನ್ನತ ಬಲವಿಜ್ಞಾನದ ಪಠ್ಯಪುಸ್ತಕದಿಂದ. ‘ಅಡ್ವಾನ್ಸ್‌ಡ್ ಮೆಕ್ಯಾನಿಕ್ಸ್ ಆಫ್ ಸಾಲಿಡ್ಸ್’ ಎಂಬ ಈ ಪುಸ್ತಕದ ಮೂರನೆಯ ಆವೃತ್ತಿ 2009ರಲ್ಲಿ ಬಂದಿತು. ಒಬ್ಬ ಪ್ರಾಧ್ಯಾಪಕನ ತರಗತಿಯಲ್ಲಿ ವರ್ಷಕ್ಕೆ ಅರವತ್ತೋ ನೂರೋ ವಿದ್ಯಾರ್ಥಿಗಳು ಕುಳಿತಾರು. ಒಳ್ಳೆಯ ಪಠ್ಯಪುಸ್ತಕ ಬರೆದವನ ತರಗತಿಯಲ್ಲಿ ಅವನನ್ನು ಎಂದೂ ಕಾಣದ ಸಾವಿರಾರು ಮಂದಿ ದಶಕಗಳ ಕಾಲ ಕುಳಿತಿರುತ್ತಾರೆ.

ಬೆಂಗಳೂರಿನ ಒಂದು ಸಮೀಕರಣ

ಯಂತ್ರದ ಉಕ್ಕಿನಿಂದ ಕಟ್ಟಡದ ಕಾಂಕ್ರೀಟಿಗೆ ಬಂದರೆ ಅಲ್ಲಿಯೂ ವಿಜ್ಞಾನ ಮಂದಿರದ ಹೆಸರು ಎದುರಾಗುತ್ತದೆ. ಉಕ್ಕು ಒಂದು ಮಿತಿಯವರೆಗೆ ಹುಕ್‌ನ ನಿಯಮವನ್ನು ನಿಷ್ಠೆಯಿಂದ ಪಾಲಿಸುತ್ತದೆ. ಕಾಂಕ್ರೀಟು ಹಾಗಲ್ಲ. ಭಾರ ಏರಿದಂತೆ ಅದು ಹೆಚ್ಚು ಹೆಚ್ಚು ಕುಗ್ಗುತ್ತಾ, ಶಿಖರ ಮುಟ್ಟಿ, ಅಲ್ಲಿಂದಾಚೆ ಶಕ್ತಿಗುಂದುತ್ತದೆ. ಈ ಏರಿಳಿತದ ಗೆರೆಯನ್ನು ಒಂದೇ ಒಂದು ಸರಳ ಸಮೀಕರಣದಲ್ಲಿ ಹಿಡಿದು ಕೊಟ್ಟವರು ಪ್ರಕಾಶ್ ದೇಸಾಯಿ ಮತ್ತು ಎಸ್. ಕೃಷ್ಣನ್. 1964ರ ಮಾರ್ಚ್‌ನಲ್ಲಿ ಅಮೆರಿಕನ್ ಕಾಂಕ್ರೀಟ್ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾದ ಆ ಪ್ರಬಂಧ ಕೆಲವೇ ಪುಟಗಳದು. ಇಂದು ಕಾಂಕ್ರೀಟ್ ಕಟ್ಟಡಗಳನ್ನು ಕಂಪ್ಯೂಟರಿನಲ್ಲಿ ಪರೀಕ್ಷಿಸುವ ನಾನಾ ದೇಶಗಳ ಸಂಶೋಧಕರು ‘ದೇಸಾಯಿ-ಕೃಷ್ಣನ್ ಸಮೀಕರಣ’ವನ್ನು ಬಳಸುತ್ತಲೇ ಇದ್ದಾರೆ.

ಈ ಗೆರೆಯಲ್ಲಿ ಒಂದು ಸಂಖ್ಯೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಸಾಮಾನ್ಯ ಕಾಂಕ್ರೀಟು ತನ್ನ ಶಕ್ತಿಯ ಶಿಖರವನ್ನು ಮುಟ್ಟುವುದು ಸುಮಾರು 0.002 ವಿಕೃತಿಯಲ್ಲಿ. ಅಂದರೆ 3 ಮೀಟರ್ ಎತ್ತರದ ಕಂಬವೊಂದು ತನ್ನ ಕೊನೆಯ ಮಿತಿಗೆ ಬಂದು ನಿಂತಾಗ ಕುಗ್ಗಿರುವುದು ಬರೀ 6 ಮಿಲಿಮೀಟರ್! ಯಾವ ದಾರಿಹೋಕನ ಕಣ್ಣಿಗೂ ಇದು ಕಾಣದು. ಕಟ್ಟಡ ಹಿಂದಿನ ದಿನ ಗಟ್ಟಿಮುಟ್ಟಾಗಿಯೇ ಇತ್ತಲ್ಲ ಎಂದು ಜನ ಬೆರಗಾಗುವುದಕ್ಕೆ ಕಾರಣ ಇಲ್ಲಿದೆ.

ಶಿಖರ ದಾಟಿದ ಮೇಲೆ ಕಂಬ ಥಟ್ಟನೆ ಸಿಡಿಯದಂತೆ ತಡೆಯುವುದು ಹೇಗೆ? ಉದ್ದ ಸರಳುಗಳ ಸುತ್ತ ಗೌಂಡಿಗಳು ಕಟ್ಟುವ ಉಂಗುರಗಳನ್ನು ನೋಡಿರಬಹುದು. ಮೂಟೆಯ ಸುತ್ತ ಬಿಗಿದ ಹಗ್ಗದಂತೆ ಅವು ಕಾಂಕ್ರೀಟು ಪಕ್ಕಕ್ಕೆ ಉಬ್ಬದಂತೆ ಹಿಡಿದಿಡುತ್ತವೆ. ಹೀಗೆ ಬಿಗಿದ ಕಾಂಕ್ರೀಟು ಹೆಚ್ಚು ಭಾರ ಹೊರುತ್ತದೆ, ಮುರಿಯುವ ಮೊದಲು ಬಹಳಷ್ಟು ಕುಗ್ಗಿ ಮುನ್ಸೂಚನೆಯನ್ನೂ ಕೊಡುತ್ತದೆ. ವಿಜ್ಞಾನ ಮಂದಿರದ ಕೆ. ಟಿ. ಸುಂದರರಾಜ ಅಯ್ಯಂಗಾರ್, ದೇಸಾಯಿ ಮತ್ತು ಅವರ ಸಹೋದ್ಯೋಗಿ 1970ರಲ್ಲಿ ಇದನ್ನೇ ಪ್ರಯೋಗಗಳಿಂದ ಅಳೆದು ತೋರಿಸಿದರು. ಕಬ್ಬಿಣ ಉಳಿಸಲೆಂದು ಉಂಗುರಗಳನ್ನು ದೂರ ದೂರ ಕಟ್ಟಿಸುವವರು ಕಂಬದ ಮುನ್ಸೂಚನೆಯನ್ನೇ ಕಿತ್ತುಕೊಳ್ಳುತ್ತಾರೆ.

ಇನ್ನು ಕಾಂಕ್ರೀಟಿನ ಗುಣಮಟ್ಟ. ಬಲವರ್ಧಿತ ಕಾಂಕ್ರೀಟಿಗೆ ಕನಿಷ್ಠ ಎಂ-20 ದರ್ಜೆ ಬೇಕೆಂದು ಭಾರತೀಯ ಮಾನಕ ಸಂಹಿತೆ 456ರ 2000ನೇ ಇಸವಿಯ ಆವೃತ್ತಿ ಹೇಳುತ್ತದೆ. 15 ಸೆಂಟಿಮೀಟರ್ ಬದಿಯ ಘನವನ್ನು ಎರಕ ಹೊಯ್ದು, 28 ದಿನ ನೀರುಣಿಸಿ, ಯಂತ್ರದಲ್ಲಿ ಒತ್ತಿದರೆ ಪ್ರತಿ ಚದರ ಮಿಲಿಮೀಟರಿಗೆ 20 ನ್ಯೂಟನ್ ತಡೆಯಬೇಕು. ಲೆಕ್ಕ ಮಾಡಿದರೆ ಆ ಪುಟ್ಟ ಘನ ಸುಮಾರು 46 ಟನ್ ಭಾರ ಹೊರಬೇಕು! ಆದರೆ ಕಲೆಸುವಾಗ ಕೆಲಸ ಹಗುರಾಗಲೆಂದು ಎರಡು ಬುಟ್ಟಿ ನೀರು ಹೆಚ್ಚಿಗೆ ಸುರಿದರೆ ಆ ಶಕ್ತಿ ಬರುವುದಿಲ್ಲ. ಸಿಮೆಂಟಿಗೆ ಬೇಡವಾದ ನೀರು ಆರಿಹೋದ ಜಾಗದಲ್ಲಿ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ನೀರು-ಸಿಮೆಂಟಿನ ಪ್ರಮಾಣಕ್ಕೂ ಶಕ್ತಿಗೂ ಇರುವ ಈ ನಂಟನ್ನು ಅಮೆರಿಕದ ಡಫ್ ಅಬ್ರಾಮ್ಸ್ 1918ರಲ್ಲಿಯೇ ತೋರಿಸಿಕೊಟ್ಟಿದ್ದಾನೆ.

ನಿಲ್ದಾಣದ ಕೆಳಗಿನ ಲೆಕ್ಕ

ಒಂದು ಉದಾಹರಣೆ ನಮ್ಮೂರಿನದೇ ಇರಲಿ. ಹುಬ್ಬಳ್ಳಿ ರೈಲು ನಿಲ್ದಾಣದ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ 2023ರಲ್ಲಿ ಉದ್ಘಾಟನೆಯಾಗಿ ಜಗತ್ತಿನಲ್ಲಿಯೇ ಅತಿ ಉದ್ದವೆಂದು ಹೆಸರಾಯಿತು. ಅಷ್ಟೇ ಉದ್ದದ ಉಕ್ಕಿನ ಹಳಿಯೊಂದನ್ನು ಬಿಡಿಯಾಗಿ ಇಟ್ಟು, ಬೆಳಗಿನ ತಂಪಿಗಿಂತ ಅದರ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್ ಏರಿತೆಂದು ಭಾವಿಸೋಣ. ಹಳಿ ಸುಮಾರು 52 ಸೆಂಟಿಮೀಟರ್ ಬೆಳೆಯುತ್ತದೆ. ಆದರೆ ಬೆಸೆದ ಹಳಿಯನ್ನು ಸ್ಲೀಪರುಗಳಿಗೆ ಭದ್ರವಾಗಿ ಕಟ್ಟಿರುವುದರಿಂದ ಅದಕ್ಕೆ ಬೆಳೆಯಲು ಆಸ್ಪದವಿಲ್ಲ. ಬೆಳೆಯಲಾಗದ ಹಳಿ ಒಳಗೊಳಗೇ ಒತ್ತಿಕೊಳ್ಳುತ್ತದೆ. ಪೀಡನ ಪ್ರತಿ ಚದರ ಮಿಲಿಮೀಟರಿಗೆ ಸುಮಾರು 69 ನ್ಯೂಟನ್. ಮೀಟರಿಗೆ 60 ಕಿಲೊ ತೂಗುವ ಹಳಿಯಲ್ಲಿ ಒಟ್ಟು ಒತ್ತುವ ಬಲ 50 ಟನ್‌ಗಿಂತಲೂ ಹೆಚ್ಚು. ಚೋದ್ಯವೆಂದರೆ ಈ ಬಲಕ್ಕೂ ಹಳಿಯ ಉದ್ದಕ್ಕೂ ಸಂಬಂಧವಿಲ್ಲ. ಕಟ್ಟು ಸಡಿಲವಾದರೆ, ಜಲ್ಲಿ ಸರಿದರೆ ಹಳಿ ಹಾವಿನಂತೆ ಪಕ್ಕಕ್ಕೆ ಬಾಗುತ್ತದೆ. ಬೇಸಿಗೆಯ ಮಧ್ಯಾಹ್ನ ಹಳಿಗಳ ಗಸ್ತು ಏಕೆ ಮುಖ್ಯ ಎಂಬುದನ್ನು ಈ ನಾಲ್ಕು ಸಾಲಿನ ಲೆಕ್ಕ ತಿಳಿಸುತ್ತದೆ.

ತಂದೆತಾಯಂದಿರಿಗೆ ಒಂದು ಮಾತು

ಇತ್ತೀಚಿನ ವರ್ಷಗಳಲ್ಲಿ ಸಿಇಟಿ ಫಲಿತಾಂಶ ಬಂದ ಮೇಲೆ ಮನೆಮನೆಯಲ್ಲಿ ನಡೆಯುವ ಚರ್ಚೆ ಒಂದೇ: ಕಂಪ್ಯೂಟರ್ ಸೈನ್ಸ್ ಸಿಕ್ಕೀತೆ? ಸಿವಿಲ್, ಮೆಕ್ಯಾನಿಕಲ್ ಎಂದರೆ ಮುಖ ಸಪ್ಪಗಾಗುತ್ತದೆ. ತಂದೆತಾಯಂದಿರ ಚಿಂತೆಯನ್ನು ಹಗುರಾಗಿ ಕಾಣಬಾರದು. ಸಾಲ ಮಾಡಿ ಓದಿಸಿದ ಮಗ ಅಥವಾ ಮಗಳು ಬೇಗ ಸಂಬಳ ತರಲಿ ಎಂಬುದು ಸಹಜವಾದ ಆಸೆಯೇ. ಕಟ್ಟಡದ ಕೆಲಸದಲ್ಲಿ ಆರಂಭದ ಸಂಬಳ ಕಡಿಮೆ, ಬಿಸಿಲು ಹೆಚ್ಚು ಎಂಬುದೂ ಸುಳ್ಳಲ್ಲ.

ಆದರೆ ಎರಡು ಸಂಗತಿಗಳನ್ನು ಯೋಚಿಸಬೇಕು. ಮೊದಲನೆಯದು, ಇಂದಿನ ಬಲವಿಜ್ಞಾನವೇ ಅರ್ಧ ಕಂಪ್ಯೂಟರ್ ವಿದ್ಯೆ. ದೊಡ್ಡ ವಸ್ತುವನ್ನು ಸಾವಿರಾರು ಚಿಕ್ಕ ತುಂಡುಗಳಾಗಿ ಭಾವಿಸಿ ಲೆಕ್ಕ ಮಾಡುವ ವಿಧಾನಕ್ಕೆ ರೇ ಕ್ಲಫ್ 1960ರಲ್ಲಿ ‘ಫೈನೈಟ್ ಎಲಿಮೆಂಟ್’ ಎಂದು ಹೆಸರಿಟ್ಟರು. ವಿಮಾನದ ರೆಕ್ಕೆ, ಮೊಣಕಾಲಿನ ಕೃತಕ ಕೀಲು, ಸೇತುವೆ, ಮೊಬೈಲಿನ ಗಾಜು ಎಲ್ಲದರ ವಿನ್ಯಾಸವೂ ಈ ದಾರಿಯಲ್ಲಿ ಹಾದು ಬರುತ್ತದೆ. ಪ್ರೋಗ್ರಾಂ ಬರೆಯುವ ಆಸೆಯಿರುವ ಹುಡುಗನಿಗೆ ಇಲ್ಲಿ ಕೆಲಸವಿಲ್ಲ ಎನ್ನುವಂತಿಲ್ಲ.

ಎರಡನೆಯದು ಇನ್ನೂ ಮುಖ್ಯವಾದುದು. ಕಂಪ್ಯೂಟರು ಪೀಡನದ ಚಿತ್ರವನ್ನು ಕೆಂಪು, ಹಳದಿ, ನೀಲಿ ಬಣ್ಣಗಳಲ್ಲಿ ಚೆಂದವಾಗಿ ಬರೆದುಕೊಡುತ್ತದೆ. ಛಜ್ಜಾದ ಬುಡ ಗೋಡೆಗೆ ಕಚ್ಚಿಕೊಂಡಿದೆ ಎಂಬುದನ್ನು ತಪ್ಪಾಗಿ ತಿಳಿಸಿದರೆ ತಪ್ಪು ಚಿತ್ರವನ್ನೂ ಅಷ್ಟೇ ಚೆಂದವಾಗಿ ಬರೆದುಕೊಡುತ್ತದೆ. ಯಾವುದು ತಪ್ಪು ಎಂದು ಹೇಳಲು ಬಲದ ದಾರಿಯನ್ನು ಮನಸ್ಸಿನಲ್ಲಿ ಕಾಣಬಲ್ಲ ಮನುಷ್ಯ ಬೇಕು. ಅಂಥವರನ್ನು ತಯಾರಿಸುವುದೇ ಪ್ರಾಧ್ಯಾಪಕರ ಕಸುಬು. ಒಳ್ಳೆಯ ಹುಡುಗರೆಲ್ಲ ಒಂದೇ ಕೋಣೆಯ ಬಾಗಿಲಲ್ಲಿ ಸಾಲು ನಿಂತರೆ, ಇನ್ನು 20 ವರ್ಷಗಳ ಮೇಲೆ ನಮ್ಮ ಊರಿನ ಕಂಬಗಳ ಲೆಕ್ಕವನ್ನು ಮರುಪರಿಶೀಲಿಸುವವರು ಯಾರು, ಅವರಿಗೆ ಪಾಠ ಹೇಳುವವರು ಯಾರು ಎಂಬ ಪ್ರಶ್ನೆ ಹುಟ್ಟುತ್ತದೆ.

ಈ ದಾರಿಗೆ ಬೇಕಾದ ಅನುಕೂಲ ಮನೆಯ ಬಾಗಿಲಲ್ಲೇ ಇದೆ. ಹುಬ್ಬಳ್ಳಿಯ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜು 1947ರಲ್ಲಿ ಆರಂಭವಾಗಿ ಈಗ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಗಿದೆ. ಧಾರವಾಡದ ಎಸ್.ಡಿ.ಎಂ. ಕಾಲೇಜು 1979ರದು. 2016ರಲ್ಲಿ ಧಾರವಾಡಕ್ಕೆ ಐಐಟಿಯೇ ಬಂದಿತು. ಪಿ.ಯು. ವಿಜ್ಞಾನದಿಂದ ಬಿ.ಇ.ಗೆ, ಅಲ್ಲಿಂದ ಗೇಟ್ ಪರೀಕ್ಷೆ ಬರೆದು ಎಂ.ಟೆಕ್.ಗೆ, ಮುಂದೆ ಪಿಎಚ್.ಡಿ.ಗೆ ಹೋಗುವ ಹಾದಿ ಉದ್ದವೇನೋ ಹೌದು. ಗಣಿತದಲ್ಲಿ ಕಲನಶಾಸ್ತ್ರ ಮತ್ತು ಸದಿಶಗಳು, ಭೌತಶಾಸ್ತ್ರದಲ್ಲಿ ಬಲಗಳ ಸಮತೋಲನ, ಇವೆರಡನ್ನು ಪಿ.ಯು. ಹಂತದಲ್ಲಿಯೇ ಗಟ್ಟಿ ಮಾಡಿಕೊಂಡವರಿಗೆ ಹಾದಿ ಸುಗಮ. ಬಾಯಿಪಾಠ ಇಲ್ಲಿ ಹೆಚ್ಚು ದೂರ ಬರುವುದಿಲ್ಲ. ಸಂಗೀತದ ಹುಡುಗರು ದಿನವೂ ಷಡ್ಜ ಹಿಡಿದು ಕೂರುವಂತೆ, ದಿನಕ್ಕೊಂದು ಲೆಕ್ಕವನ್ನು ಚಿತ್ರ ಬರೆದು, ಬಾಣದ ಗುರುತು ಹಾಕಿ ಬಿಡಿಸುವ ರಿಯಾಜು ಬೇಕು.

ರಿಯಾಜಿಗೆ ಸೀಟು ಸಿಗುವವರೆಗೆ ಕಾಯಬೇಕಾಗಿಯೂ ಇಲ್ಲ. ಓಣಿಯಲ್ಲಿ ಮನೆ ಕಟ್ಟುತ್ತಿರುವ ಕಡೆ ಒಂದು ಗಳಿಗೆ ನಿಂತು, ಛಜ್ಜಾದ ಸರಳು ಮೇಲಿದೆಯೋ ಕೆಳಗಿದೆಯೋ, ಕಂಬದ ಉಂಗುರಗಳ ನಡುವೆ ಅಂತರವೆಷ್ಟು, ಕಾಂಕ್ರೀಟು ಗಂಜಿಯಂತೆ ಹರಿಯುತ್ತಿದೆಯೋ ಮುದ್ದೆಯಾಗಿ ನಿಲ್ಲುತ್ತಿದೆಯೋ ನೋಡಿರಿ. ಸಂಶಯ ಬಂದರೆ ವಿನಯದಿಂದ ಅಲ್ಲಿನ ಎಂಜಿನಿಯರರನ್ನೇ ಕೇಳಿರಿ. ತಿಳಿದವರು ಸಂತೋಷದಿಂದ ಉತ್ತರಿಸುತ್ತಾರೆ.